ಎಣ್ಣೆಯ ಮೇಲೊಂದು ಬೀಡಿ

ಹುಟ್ಟಿದಾಗಿನಿಂದ ಮೀನು ಮುಟ್ಟದ ಡಾಕ್ಟರು ಮೀನೆಣ್ಣೆಯ ಗುಣಗಾನ ಮಾಡುತ್ತಿದ್ದರೆ ಚಿಕ್ಕಸಿದ್ದಮ್ಮನಿಗೆ ಒಳಗೊಳಗೇ ನಗು. ನಗುವ ಹೊತ್ತಾಗಿರಲಿಲ್ಲ ಅದು. ಅವಳ ಗಂಡ ಚಾಮಯ್ಯನ ಎಡಗಾಲನ್ನು ಹೋದ ವರ್ಷ, ತೊಂಬತ್ತೇಳರಲ್ಲಿ, ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದಿದ್ದರು. ಈಗ ಉಳಿದ ಬಲಗಾಲೂ ತಣ್ಣಗಾಗುತ್ತಿತ್ತು.

ಹುಣಸೂರಿನ ಸುತ್ತ ಹೊಗೆಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಹದಮಾಡುವ ಬ್ಯಾರನ್ ಮನೆಗಳಿಗೆ ಇಪ್ಪತ್ತು ವರ್ಷ ಬೆಂಕಿ ಹಾಕಿದ ಆಳು ಚಾಮಯ್ಯ. ಒಲೆಯ ಮುಂದೆ ಕೂತರೆ ಒಂದು ಬೀಡಿಯ ತುದಿಯಿಂದಲೇ ಇನ್ನೊಂದನ್ನು ಹಚ್ಚಿಕೊಳ್ಳುತ್ತಿದ್ದ. ದಿನಕ್ಕೆ ಎರಡು ಕಟ್ಟು ಸಾಲುತ್ತಿರಲಿಲ್ಲ.

ಡಾಕ್ಟರು ನೀಲಕಂಠಸ್ವಾಮಿ ಇನ್ನೂ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಬಿಡಿಸಿ ಹೇಳಿದರು: "ನೋಡಮ್ಮ, ರಕ್ತನಾಳದ ಗೋಡೆಯಲ್ಲೂ ಮಾಂಸದ ಪದರ ಇರುತ್ತೆ. ಅದರ ಕೋಶಗಳು ಬೀಡಿ ಹೊಗೆಗೆ ಕೆರಳಿ, ಒಂದು ಎರಡಾಗಿ ಎರಡು ನಾಲ್ಕಾಗಿ ಒಳಕ್ಕೆ ಬೆಳೀತವೆ. ದಾರಿ ಮುಚ್ಚುತ್ತೆ. ನಾನು ಓದೋವಾಗ ಆ ಕೋಶಗಳನ್ನ ಗಾಜಿನ ತಟ್ಟೇಲಿ ಬೆಳೆಸಿದ್ದೆ. ಮೀನೆಣ್ಣೆಯ ಕೊಬ್ಬಿನಾಮ್ಲ ಹಾಕಿದ್ರೆ ಅವು ಬೆಳೆಯೋದು ನಿಧಾನವಾಗ್ತಿತ್ತು. ತಟ್ಟೇಲಿ ಆಗಿದ್ದು ಮನುಷ್ಯನಲ್ಲೂ ಆಗುತ್ತೆ ಅಂತ ಹೇಳಲಾರೆ. ಕೊಟ್ಟು ನೋಡೋಣ. ಬೀಡಿ ಮಾತ್ರ ಪೂರ್ತಿ ಬಿಡಬೇಕು."

ಇಷ್ಟು ಮಾತಿನಲ್ಲಿ ಚಿಕ್ಕಸಿದ್ದಮ್ಮ ಸೆರಗಿಗೆ ಗಂಟು ಹಾಕಿಕೊಂಡಂತೆ ಉಳಿಸಿಕೊಂಡದ್ದು ಎಣ್ಣೆಯದೊಂದನ್ನೇ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅವಳನ್ನು ದೂರಿ ಫಲವಿಲ್ಲ.

ಡಾಕ್ಟರು ಕೊಟ್ಟ ಗುಳಿಗೆಗಳು ಹುಣಸೆಬೀಜಕ್ಕಿಂತ ದಪ್ಪ. ಚಾಮಯ್ಯನೋ ಗುಳಿಗೆ ನುಂಗಲು ಬಾರದ ಗಂಡಸು. ಅವಳು ಸೂಜಿಯಿಂದ ಚುಚ್ಚಿ ಎಣ್ಣೆಯನ್ನು ಚಮಚಕ್ಕೆ ಹಿಂಡಿದಳು. ಅವನು ಬಾಯಿಗಿಟ್ಟವನೇ ಜಗಲಿಯಿಂದಾಚೆಗೆ ಕಾರಿಕೊಂಡ.

"ಸಾರಿನ ಮೀನೇ ಬ್ಯಾರೆ, ಇದೇ ಬ್ಯಾರೆ. ನಂಗ್ ಬ್ಯಾಡ ಕಣಮ್ಮಿ."

ಬೆಲ್ಲ ಕೊಟ್ಟಳು, ಉಪ್ಪಿನಕಾಯಿ ನೆಕ್ಕಿಸಿದಳು, ಬೈದಳು, ಅತ್ತಳು. ಎಣ್ಣೆ ಒಳಗೆ ನಿಲ್ಲಲಿಲ್ಲ. ಮೂರನೇ ದಿನ ಸೋತು ಹೇಳಿದಳು: "ಕುಡ್ದು ಒಳಗಿಟ್ಕೊ. ಒಂದ್ ಬೀಡಿ ಕೊಡ್ತೀನಿ."

"ಡಾಕ್ಟ್ರು ಬ್ಯಾಡ ಅಂದವ್ರಲ್ಲ?"

"ಐವತ್ತು ಬ್ಯಾಡ ಅಂದವ್ರೆ. ಒಂದ್ರಲ್ಲಿ ಏನಾದದು?"

ಎಣ್ಣೆ ಒಳಗೆ ನಿಂತಿತು.

ಅಂದಿನಿಂದ ಬೀಡಿ ಕಟ್ಟು ಅವಳ ವಶ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಣ್ಣೆ ಕುಡಿಸಿ, ತಾನೇ ಕಡ್ಡಿ ಗೀರಿ ಬೀಡಿ ಹಚ್ಚಿ ಅವನ ತುಟಿಗಿಡುತ್ತಿದ್ದಳು. ಎರಡು ಕಟ್ಟಿನವನನ್ನು ಮೂರು ಬೀಡಿಗೆ ಇಳಿಸಿದ್ದೇನೆಂದು ಪಕ್ಕದ ಮನೆಯ ಸಾಕಮ್ಮನ ಮುಂದೆ ಹೇಳಿಕೊಂಡು ಬೀಗಿದಳು. ಬೀಗುವಂಥದ್ದೇ ಆಗಿತ್ತು ಪಾಪ. ಯಾವ ಹೆಂಡತಿಗೆ ಸಾಧ್ಯವಾಗಿತ್ತು?

ಐದನೇ ತಿಂಗಳು ಬಲಗಾಲಿನ ಕಿರುಬೆರಳು ಕಪ್ಪಾಯಿತು. ವಾರದೊಳಗೆ ಕಪ್ಪು ಪಾದಕ್ಕೇರಿತು. ಡಾಕ್ಟರು ಹಿಮ್ಮಡಿಯ ಹತ್ತಿರ ನಾಡಿ ಹುಡುಕಿದರು, ಮಂಡಿಯ ಹಿಂದೆ ಹುಡುಕಿದರು. ಎಲ್ಲೂ ಸಿಗಲಿಲ್ಲ. ಅವಳನ್ನು ಹೊರಗೆ ಕರೆದು ಕೇಳಿದರು: "ಎಣ್ಣೆ ನಿಲ್ಲಿಸಿಬಿಟ್ರಾ?"

"ಒಂದೊತ್ತೂ ಬುಟ್ಟಿಲ್ಲ ಸ್ವಾಮಿ. ನನ್ ಕೈಯಾರ ಕುಡಿಸಿವ್ನಿ. ವಾಂತಿಯಾಗ್ದಂಗೆ ಮ್ಯಾಲೊಂದು ಬೀಡಿ ಕೊಡ್ತಿದ್ದೆ, ಅಷ್ಟೆ."

ಡಾಕ್ಟರ ಪೆನ್ನು ನಿಂತಿತು. "ದಿನಕ್ಕೆ?"

"ಮೂರೇ," ಎಂದಳು. ಎಂದವಳು ಅವರ ಮುಖ ನೋಡಿದಳು. ತಾನು ಏನು ಮಾಡಿದೆನೆಂದು ಅವಳಿಗೆ ಆಗ ತಿಳಿಯಿತು.

ಅವರು ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದಳು. ಬೈಯಲಿಲ್ಲ. "ಬೀಡಿ ಕೊಡದೇ ಇದ್ದಿದ್ರೂ ಕಾಲು ಉಳೀತಿತ್ತು ಅಂತ ಹೇಳೋಕಾಗಲ್ಲಮ್ಮ," ಎಂದರು. ಕರುಣೆಯ ಮಾತು. ಆದರೆ ಉಳಿಯುತ್ತಿರಲಿಲ್ಲ ಎಂದೂ ಅವರು ಹೇಳಲಿಲ್ಲ.

ಬಲಗಾಲನ್ನು ತೊಡೆಯ ಮಟ್ಟಕ್ಕೆ ತೆಗೆದರು. ಮೂರನೇ ದಿನ ಚಾಮಯ್ಯನಿಗೆ ಮಾತು ಬಂತು. ಪಕ್ಕದ ಮಂಚದ ರೋಗಿ ಏನು ಕೇಳಿದನೋ, ಇವನು ವಾರ್ಡಿಗೆಲ್ಲ ಕೇಳುವಂತೆ ಹೇಳತೊಡಗಿದ:

"ನನ್ ಅಣೇಬರ ಕಣ್ರೀ. ನಮ್ಮೋಳು ಏನೂ ಕಮ್ಮಿ ಮಾಡ್ನಿಲ್ಲ. ಆ ಎಣ್ಣೆ ಕುಡಿಯಾಕೆ ಆಯ್ತಿರ್ನಿಲ್ಲ ಅಂತ, ಪಾಪ, ತಾನೇ ಬೀಡಿ ಹಚ್ಚಿ ಬಾಯಿಗಿಡೋಳು. ಇಂಥಾ ಎಡ್ತಿ ಯಾರಿಗ್ ಸಿಕ್ತಾಳೆ ಏಳಿ."

ಪಕ್ಕದವನು ತಲೆದೂಗಿದ. ಚಿಕ್ಕಸಿದ್ದಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದಳು. ಚಾಮಯ್ಯ ತಡಕಾಡಿ ಅವಳ ಬಲಗೈಯನ್ನು ಹಿಡಿದು ಎದೆಯ ಮೇಲಿಟ್ಟುಕೊಂಡ. ಅವಳು ಬಾಯಿ ಮುಚ್ಚಿಕೊಂಡಳು.