ಅರಚಾಟದ ಹಿಂದಿನ ಗಿಟಾರ್

ಗಂಡ ಬದುಕಿದ್ದಾಗ ಬ್ಲ್ಯಾಕ್ ಮೆಟಲ್ ಎಂಬ ಅರಚಾಟದ ರಾಕ್ ಹಾಡು ಹಾಕಿದರೆ ಸಾಕು, ಅವಳು ಎದ್ದುಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವನು ಹೋದ ಮೇಲೆ, ಅದರಲ್ಲಿ ಅವನಿಗೆ ಏನು ಸಿಗುತ್ತಿತ್ತೋ ತಿಳಿಯಬೇಕೆಂದು ತಾನೇ ಹಾಕಿದಳು. ಬರೀ ಗರಗರ ಸದ್ದು. ಸ್ಪೀಕರ್ ಕೆಟ್ಟಿದೆಯೆಂದು ಮೈದುನನನ್ನು ಕರೆಸಿದಳು.

ಅವನು ಕೇಳಿ ನಕ್ಕುಬಿಟ್ಟ. "ಸ್ಪೀಕರ್ ಗುಂಡುಕಲ್ಲಿನ ಹಾಗಿದೆ ಅತ್ತಿಗೆ. ಈ ಬ್ಯಾಂಡಿನವರು ಬೇಕಂತಲೇ ಹೀಗೆ ರೆಕಾರ್ಡ್ ಮಾಡೋದು."

"ಇದನ್ನ ಕೇಳ್ತಾ ನಿಮ್ಮಣ್ಣ ನಿದ್ದೆ ಮಾಡ್ತಿದ್ರಲ್ಲೋ!"

"ಅರಚೋನನ್ನ ಅವನ ಪಾಡಿಗೆ ಬಿಡಿ. ಹಿಂದಿರೋ ಗಿಟಾರ್ ಕೇಳಿ."

ಅವನು ಹೊರಟ ಮೇಲೆ ಅವಳು ನೆಲದ ಮೇಲೆ ಕೂತು ಕಿವಿಗೊಟ್ಟಳು. ನಿಧಾನವಾದ ಒಂದು ರಾಗ ಎಲ್ಲಿಗೂ ಹೋಗದೆ, ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು. ಅವಳ ದಿನಗಳೂ ಹಾಗೆಯೇ ಇದ್ದವು.

"ಚೆನ್ನಾಗಿದೆ ರೀ" ಎನ್ನಬೇಕೆನಿಸಿತು. ಕೇಳಿಸಿಕೊಳ್ಳಬೇಕಾದವನು ಇರಲಿಲ್ಲ. ಅವಳು ವಾಲ್ಯೂಮ್ ಏರಿಸಿದಳು.