ನೀರುಗಂಟಿಯ ಬಾಯಾರಿಕೆ

"ಬಾಯಿಗೆ ನೀರು ಬಿಡೋರೆಲ್ಲ ಬೇಗ ಬನ್ರಪ್ಪಾ, ಹೊತ್ತಾಯ್ತು," ಎಂದು ಊರ ಹಿರಿಯ ಚೆನ್ನರಾಯಪ್ಪ ಕೂಗುವಷ್ಟರಲ್ಲಿ ಅರ್ಧ ತೊಂಡೇಬಾವಿ ಊರೇ ಸಾಲುಗಟ್ಟಿತ್ತು. ನರಸಿಂಹಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮೂವತ್ತು ವರ್ಷ ಕೆರೆಯ ತೂಬೆತ್ತಿ, ಗದ್ದೆಗದ್ದೆಗೆ ಪಾಳಿಯಂತೆ ನೀರು ಹಾಯಿಸಿದ ನೀರುಗಂಟಿ. ಬದುಕಿದ್ದಾಗ ಅವನನ್ನು ಬೈಯದವರಿರಲಿಲ್ಲ, ಈಗ ಹೊಗಳದವರಿರಲಿಲ್ಲ. ಸತ್ತವರ ವಿಷಯದಲ್ಲಿ ಊರು ಯಾವಾಗಲೂ ಧಾರಾಳಿ.

"ನಮ್ಮಣ್ಣ ಸ್ವಂತ ಬಾಮೈದಂಗೂ ಒಂದು ಗಳಿಗೆ ಹೆಚ್ಚು ನೀರು ಬಿಟ್ಟೋನಲ್ಲ ಕಣಮ್ಮಾ," ಎಂದು ತಂಗಿ ಅಮ್ಮಾಜಮ್ಮ ಅತ್ತಳು.

ಹೆಂಡತಿ ಮುನಿಗಂಗಮ್ಮ ಅಳಲಿಲ್ಲ. ತನ್ನ ಸರದಿ ಹತ್ತಿರವಾದಂತೆಲ್ಲ ಹಿಂದಕ್ಕೆ ಸರಿಯುತ್ತಿದ್ದಳು.

*

ಬೆಂಗಳೂರಿನ ಆಸ್ಪತ್ರೆಯಲ್ಲಿ ಅವನ ಮೇದೋಜೀರಕದ ಗೆಡ್ಡೆ ಕೊಯ್ದು, ಸಾಯುವ ಹಿಂದಿನ ದಿನಕ್ಕೆ ಮೂರು ದಿನ. ಬಾಯಿಗೆ ಹನಿ ನೀರೂ ಕೂಡದು. ಒಳಗೆ ಹೋದ ನೀರೆಷ್ಟು, ಹೊರಗೆ ಬಂದದ್ದೆಷ್ಟು ಎಂದು ನರ್ಸು ಗಂಟೆಗೊಮ್ಮೆ ಅಳೆದು ಬರೆಯುತ್ತಿದ್ದಳು.

"ಇವಳೂ ನಮ್ಮ ಕಸುಬಿನೋಳೇ ಕಣೇ," ಎಂದು ನರಸಿಂಹಪ್ಪ ನಕ್ಕಿದ್ದ.

"ಕಮ್ಮಿಯಾದ್ರೆ ಕಿಡ್ನಿ ಕೆಡತ್ತೆ, ಜಾಸ್ತಿಯಾದ್ರೆ ಶ್ವಾಸಕೋಶಕ್ಕೆ ತುಂಬ್ಕೊಳ್ಳತ್ತೆ. ಈ ಗ್ಲೂಕೋಸ್ ಸೀಸೆ ಯಾರೂ ಮುಟ್ಬೇಡಿ," ಎಂದಿದ್ದಳು ಆಕೆ.

ಮಧ್ಯಾಹ್ನಕ್ಕೆ ಅವನ ನಾಲಿಗೆ ಒಣಗಿ ತೊಗಟೆಯಾಯಿತು. "ಗಂಗೀ, ಒಂದು ಗುಟುಕು ಕಣೇ..."

ಬಾಯಿಗೆ ಕೊಡಬಾರದು, ಸರಿ. ಸೀಸೆಯಿಂದ ನರಕ್ಕೆ ಇಳಿಯುವುದೂ ನೀರೇ ಅಲ್ಲವೇ? ಗಂಡ ತೂಬೆತ್ತುವುದನ್ನು ಜೀವಮಾನವೆಲ್ಲ ನೋಡಿದವಳು. ಆಚೀಚೆ ನೋಡಿ, ಕೊಳವೆಯ ಪುಟ್ಟ ಚಕ್ರವನ್ನು ಮೇಲಕ್ಕೆ ತಿರುವಿದಳು. ಹನಿ ಧಾರೆಯಾಯಿತು. ನರ್ಸು ಬರುವ ಮೊದಲು ಮತ್ತೆ ಇಳಿಸಿದಳು. ಅವನು ಕೇಳಿದಾಗಲೆಲ್ಲ ಹಾಗೇ ಮಾಡಿದಳು. ಸಂಜೆಗೆ ಅವನ ಎದೆ ಗೊರಗೊರ ಎನ್ನತೊಡಗಿತು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

"ಬಾರಮ್ಮ, ಇನ್ನು ನಿಂದೊಂದೇ," ಎಂದ ಚೆನ್ನರಾಯಪ್ಪ.

"ನನ್ ಕೈಲಿ ಬಿಡಿಸ್ಬೇಡಿ. ಸೀಸೆ ಚಕ್ರ ತಿರುವಿ ನೀರು ಜಾಸ್ತಿ ಬಿಟ್ಟೋಳು ನಾನೇ. ದಾಹ ದಾಹ ಅಂತಿದ್ರು, ನೋಡೋಕಾಗ್ಲಿಲ್ಲ. ಎದೆಗೆ ತುಂಬ್ಕೊಂಡು ಹೋಗ್ಬಿಟ್ರು."

ಅಮ್ಮಾಜಮ್ಮನ ಅಳು ನಿಂತಿತು. ಅತ್ತಿಗೆಯನ್ನು ದಿಟ್ಟಿಸಿದಳು; ಬಾಯಿಗೆ ಬೈಗುಳ ಬಂದಿತ್ತು. ಆದರೆ ಎದ್ದುಬಂದು ನೀರಿನ ಲೋಟವನ್ನು ಅವಳ ಕೈಗಿಟ್ಟಳು.

"ಕೇಳಿದ್ದು ಅವನೇ ಅಲ್ವೇನೇ. ಬಿಡು."

ಮುನಿಗಂಗಮ್ಮ ಬಿಟ್ಟಳು. ನೀರು ಒಳಗಿಳಿಯಲಿಲ್ಲ. ತುಟಿಯಂಚಿನಿಂದ ಗದ್ದಕ್ಕೆ, ಗದ್ದದಿಂದ ಹೊಸ ಪಂಚೆಗೆ ಹರಿಯಿತು. ಅವಳು ಹೆಬ್ಬೆರಳನ್ನು ಅಡ್ಡವಿಟ್ಟು, ತುಟಿಯಂಚನ್ನು ಒತ್ತಿ ಹಿಡಿದಳು. ಬೆರಳ ಪಕ್ಕದಿಂದ ನೀರು ಇಳಿಯುತ್ತಲೇ ಇತ್ತು.