ಹಿಪ್ಪುನೇರಳೆ ಪೀಪಾಯಿ

ಪೀಪಾಯಿಯ ಬಿರಡೆ ತೆಗೆದು ಒಂದು ಸೀಸೆಗೆ ಬಗ್ಗಿಸಿ ಅಲ್ಲಾಡಿಸಿದೆ. ಹಣ್ಣಿನಿಂದ ಭಟ್ಟಿ ಇಳಿಸಿದ ಒಳ್ಳೆಯ ರಾಕಿಯಾ ಆಗಿದ್ದರೆ ಸೀಸೆಯ ಕೊರಳಿನ ಸುತ್ತ ಗುಳ್ಳೆಗಳು ಮಣಿಸರದ ಹಾಗೆ ನಿಲ್ಲಬೇಕು. ಇದರಲ್ಲಿ ಎದ್ದ ಗುಳ್ಳೆ ಎದ್ದಲ್ಲೇ ಒಡೆದವು. ಮತ್ತೊಮ್ಮೆ ಅಲ್ಲಾಡಿಸಿದೆ, ಅದೇ ಹಣೆಬರಹ. ನಾಲಿಗೆಗೆ ಹಚ್ಚಿಕೊಂಡೆ. ಥೂ, ಅರ್ಧಕ್ಕರ್ಧ ನೀರು! ಯಾವನೋ ಪಾಪಿ ನನ್ನ ಪೀಪಾಯಿಯಿಂದ ಕದ್ದು, ಗೊತ್ತಾಗದಿರಲೆಂದು ನೀರು ತುಂಬಿಸಿಟ್ಟಿದ್ದ.

ಇದು ಅಂತಿಂಥ ಪೀಪಾಯಿಯಲ್ಲ. ನನ್ನ ಮಗ ಮ್ಲಾಡೆನ್ ಹುಟ್ಟಿದ ವರ್ಷ ನಮ್ಮದೇ ತೋಟದ ಪ್ಲಮ್ ಹಣ್ಣು ಕೊಳೆಹಾಕಿ, ಎರಡು ಸಲ ಭಟ್ಟಿ ಇಳಿಸಿ ತುಂಬಿಟ್ಟದ್ದು. ಗಂಡುಮಗು ಹುಟ್ಟಿದಾಗ ಮುಚ್ಚಿಟ್ಟದ್ದನ್ನು ಅವನ ಮದುವೆಗೇ ತೆರೆಯಬೇಕು. ಊರಲ್ಲೆಲ್ಲ ಓಕ್ ಮರದ ಪೀಪಾಯಿಗಳು; ಇದೊಂದನ್ನು ಮಾತ್ರ ನನ್ನಜ್ಜ ಹಿತ್ತಲಿನ ಹಿಪ್ಪುನೇರಳೆ ಮರ ಕಡಿದು ಮಾಡಿಸಿದ್ದ. ಆ ಅರಿಶಿನ ಬಣ್ಣ, ಆ ಜೇನಿನ ವಾಸನೆ ಬೇರೆ ಯಾವ ಮರಕ್ಕೂ ಬರುವುದಿಲ್ಲ. ಕಣ್ಣು ಕಟ್ಟಿ ಕೊಟ್ಟರೂ ಗುರುತಿಸುತ್ತೇನೆ.

"ದೆಸಾಂಕಾ!" ಎಂದು ಕೂಗಿದೆ. ಹೆಂಡತಿ ಕೈ ಒರೆಸಿಕೊಳ್ಳುತ್ತ ನೆಲಮಾಳಿಗೆಯ ಮೆಟ್ಟಿಲಿಗೆ ಬಂದಳು. "ಈ ನೆಲಮಾಳಿಗೆ ಬೀಗದ ಕೈ ಯಾರಿಗೆ ಕೊಟ್ಟಿದ್ದೆ?"

"ಅದು ಯಾವಾಗ್ಲೂ ಮೊಳೇಲೇ ನೇತಾಡ್ತಿರತ್ತೆ. ಈಗೇನಾಯ್ತು?"

"ಏನಾಯ್ತಾ? ಭಾನುವಾರ ಮಗನ ಮದುವೆ ಇಟ್ಕೊಂಡು ರಾಕಿಯಾ ಕದ್ದಿದಾರೆ!"

ಅವಳು ಪೀಪಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಅಂಗಡಿಗೆ ಹೋಗಿ ಹಿಟ್ಟು, ಸಕ್ಕರೆ ತರ್ಬೇಕು ನೀನು. ಕುಪ್ಪಿ ಬೇರೆ ತಗೊಂಡು ಹೊರಡ್ಬೇಕು. ಶುಭಕಾರ್ಯದ ಹೊತ್ತಲ್ಲಿ ಯಾರ ಹತ್ರಾನೂ ಜಗಳ ತೆಗೀಬೇಡ, ಕೈ ಮುಗೀತೀನಿ" ಎಂದು ಒಳಗೆ ಹೋದಳು.

ಕುಪ್ಪಿ! ಅದನ್ನು ಕೇಳಿದ್ದೇ ನನ್ನ ತಲೆ ಓಡಿತು. ಮದುವೆಗೆ ಕರೆಯುವವನು ಚಪ್ಪಟೆ ಮರದ ಕುಪ್ಪಿಗೆ ಕಾಮಕಸ್ತೂರಿ ಸಿಕ್ಕಿಸಿ, ಕೊರಳಿಗೆ ತೂಗುಹಾಕಿಕೊಂಡು ಮನೆಮನೆಗೆ ಹೋಗಬೇಕು. ಮನೆಯವರು ಒಂದು ಗುಟುಕು ಕುಡಿದು, ಕುಡಿದಷ್ಟನ್ನು ತಮ್ಮ ಮನೆಯ ರಾಕಿಯಾದಿಂದ ತುಂಬಿ ಕೊಡಬೇಕು. ತುಂಬಿದರೆ ಬರುತ್ತೇವೆಂದು ಅರ್ಥ. ಅಂದರೆ ಊರಿನ ಒಂದೊಂದು ಮನೆಯ ಮಾಲೂ ಇವತ್ತು ನನ್ನ ಮೂಗಿನ ಕೆಳಗೇ ಹಾದುಹೋಗುತ್ತದೆ. ಬಾ ಮಗನೇ ಕಳ್ಳ, ಬಾ. ಈ ವರ್ಷದ ಹೊಸ ರಾಕಿಯಾ ತುಂಬಿಕೊಂಡು ಹೊರಟೆ.

ಮೊದಲು ಅಂಗಡಿ. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯ ರಾದೊಯ್ಕಾ ಕೇಳಿದಳು: "ಗ್ವೊಜ್ಡೆನಣ್ಣಾ, ಹಳೇ ಪೀಪಾಯಿ ತೆರೆದ್ಯಾ? ಹೇಗಿದೆ?"

ಇವಳಿಗ್ಯಾಕೆ ಬೇಕು ನನ್ನ ಪೀಪಾಯಿಯ ಸುದ್ದಿ? ಹಿಟ್ಟು, ಸಕ್ಕರೆ ತೂಗಿಸಿಕೊಂಡು ಸುಮ್ಮನೆ ಕುಪ್ಪಿ ಮುಂದೆ ಮಾಡಿದೆ. ಅವಳು ಕುಡಿದು, ಮ್ಲಾಡೆನ್‌ಗೆ ಒಳ್ಳೆಯದಾಗಲೆಂದು ಹರಸಿ, ಮೇಜಿನ ಕೆಳಗಿನಿಂದ ಒಂದು ಸೀಸೆ ತೆಗೆದಳು. ಅದು ಕುಪ್ಪಿಗೆ ಬೀಳುವ ಮೊದಲೇ ಬಗ್ಗಿ ಮೂಸಿದೆ. ಪೇರ್ ಹಣ್ಣಿನದು.

"ಏನಣ್ಣ, ಬೇಟೆನಾಯಿ ಹಾಗೆ ಮೂಸ್ತೀಯಾ? ವಿಷ ಹಾಕ್ತೀನಾ ನಾನು?"

"ಮದುವೆ ಕುಪ್ಪಿ ಕಣಮ್ಮ. ಕಂಡಕಂಡದ್ದೆಲ್ಲ ಸೇರಬಾರದು."

"ಅಬ್ಬಬ್ಬಾ, ನಿನ್ನ ಮಗನ್ನ ಮದುವೆ ಆಗೋ ಹುಡುಗಿ ಪುಣ್ಯ ಮಾಡಿದಾಳೆ ಬಿಡು, ಇಂಥ ಮಾವ ಸಿಕ್ಕಿದ್ದಕ್ಕೆ!"

ಪಕ್ಕದ ಮನೆ ತಿಹೊಮಿರ್ ಮೇಲೆ ನನಗೆ ಇನ್ನೂ ಹೆಚ್ಚು ಅನುಮಾನವಿತ್ತು. ಅವನ ಬಾವಿಗೂ ನನ್ನ ನೆಲಮಾಳಿಗೆಗೂ ನಡುವೆ ಒಂದು ಬೇಲಿ ಮಾತ್ರ. ನೀರು ಅವನಿಗೆ ಕೈಗೆಟುಕುವಷ್ಟು ಹತ್ತಿರ. ಅವನು ತುಂಬಿದ್ದನ್ನು ಬಾಯಿಗೇ ಹಾಕಿ ನೋಡಿದೆ. ಹಂಡೆಯ ತಳ ಹಿಡಿದ ಸೀದ ವಾಸನೆ. ಕಳ್ಳನಾಗುವಷ್ಟು ರುಚಿ ಬಲ್ಲವನಲ್ಲ ಇವನು ಎಂದುಕೊಂಡು ಬಿಟ್ಟುಬಿಟ್ಟೆ. ಹೀಗೇ ಮನೆಯಿಂದ ಮನೆಗೆ ಹೋದೆ. ಎಲ್ಲರೂ ನಕ್ಕರು, ಹರಸಿದರು, ತುಂಬಿದರು. ನನಗೋ ಪ್ರತಿಯೊಂದು ನಗುವಿನ ಹಿಂದೆಯೂ ಏನೋ ಇದೆ ಅನ್ನಿಸುತ್ತಿತ್ತು.

ಕೊನೆಗೆ ಹೊಳೆಯಾಚೆ ಸ್ರೆತೆನ್ ಮನೆ. ಸ್ರೆತೆನ್ ನಮ್ಮ ಕುಮ್. ಮ್ಲಾಡೆನ್‌ನನ್ನು ಎತ್ತಿಕೊಂಡು ದೀಕ್ಷಾಸ್ನಾನ ಮಾಡಿಸಿದವನು. ಭಾನುವಾರ ಮದುಮಕ್ಕಳ ತಲೆಗೆ ಕಿರೀಟ ಇಡುವಾಗ ಅವರ ಹಿಂದೆ ನಿಲ್ಲಬೇಕಾದವನು. ನನ್ನ ಮದುವೆಗೆ ನಿಂತಿದ್ದವನು ಅವನಪ್ಪ. ಕುಮ್ ಇಲ್ಲದೆ ಪಾದ್ರಿ ಮದುವೆ ಮಾಡಿಸುವುದಿಲ್ಲ. ಕುಮ್‌ನನ್ನು ಕಳೆದುಕೊಂಡ ಮನೆಗೆ ಊರಲ್ಲಿ ಮರ್ಯಾದೆಯೂ ಇಲ್ಲ.

ಅವನು ಅಂಗಳದಲ್ಲಿ ಭಟ್ಟಿಯ ತಾಮ್ರದ ಹಂಡೆಗೆ ಕೊಳೆಹಾಕಿದ ಹಣ್ಣು ತುಂಬುತ್ತಿದ್ದ. "ಬಾ ಕುಮ್!" ಎಂದು ಕುಪ್ಪಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದ. ಆಮೇಲೆ ಒಳಗೆ ಹೋಗಿ ಬಟ್ಟೆ ಸುತ್ತಿದ ಒಂದು ಪುಟ್ಟ ಸೀಸೆ ತಂದ. "ಮ್ಲಾಡೆನ್‌ಗೆ ಅಂತಾನೇ ಇಟ್ಟಿದ್ದೆ" ಎಂದು ಬಗ್ಗಿಸಿದ. ಅರಿಶಿನ ಬಣ್ಣ. ಸೀಸೆಯ ಬಾಯಿಗೆ ಬೆರಳಿಟ್ಟು ನೆಕ್ಕಿದೆ. ಜೇನು.

ನನಗೆ ಮೈಯೆಲ್ಲ ಉರಿದುಹೋಯಿತು. "ಎಲ್ಲಿಂದ ಬಂತಿದು?"

ಅವನು ಸೀಸೆಯ ಬಿರಡೆ ಒತ್ತಿ ಮತ್ತೆ ಬಟ್ಟೆ ಸುತ್ತತೊಡಗಿದ.

"ನಿಂಗೆಲ್ಲಿದೆ ಹಿಪ್ಪುನೇರಳೆ ಪೀಪಾಯಿ? ಕದ್ದಿದ್ದು ತಾನೇ? ನನ್ನ ಮನೆಯಿಂದ ಕದ್ದು ನನ್ನ ಮಗನಿಗೇ ಉಡುಗೊರೆ ಕೊಡ್ತೀಯಾ? ನಾಚಿಕೆ ಆಗಲ್ವೇನೋ?"

ಅವನ ಮುಖ ಕಪ್ಪಿಟ್ಟಿತು. ಕುಪ್ಪಿಯನ್ನು ಬಗ್ಗಿಸಿ, ಅದರಲ್ಲಿದ್ದ ಊರಿನವರೆಲ್ಲರ ರಾಕಿಯಾವನ್ನೂ ನಿಧಾನವಾಗಿ ಮಣ್ಣಿಗೆ ಚೆಲ್ಲಿದ. ಖಾಲಿ ಕುಪ್ಪಿಯನ್ನು ನನ್ನ ಕೊರಳಿಗೆ ಹಾಕಿ, "ಹೋಗು, ಗ್ವೊಜ್ಡೆನ್. ಬೇರೆಯವರನ್ನ ನೋಡ್ಕೋ" ಎಂದ. ಕುಮ್‌ಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ಅವನ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು.

ಗೆದ್ದವನ ಹಾಗೆ ಮನೆಗೆ ಬಂದೆ. "ಸಿಕ್ಕಿದ ಕಳ್ಳ! ಸ್ರೆತೆನ್!" ಎಂದೆ. ದೆಸಾಂಕಾ ಕೈಯಲ್ಲಿದ್ದ ಹಿಟ್ಟಿನ ಜರಡಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಅವನ ಮುಖಕ್ಕೇ ಅಂದ್ಯಾ?"

"ಅಂದೆ. ಬಿಡ್ತೀನಾ?"

"ಅಯ್ಯೋ, ಹಾಳಾದವನೇ! ಕೊಟ್ಟಿದ್ದು ನಾನು."

ನಾನು ಕೊರಳಲ್ಲಿದ್ದ ಖಾಲಿ ಕುಪ್ಪಿಯನ್ನು ತೆಗೆದು ಮೇಜಿನ ಮೇಲಿಟ್ಟೆ.

"ಅವನ ಹೆಂಡತಿ ರುಜಿತ್ಸಾ ಸತ್ತ ವರ್ಷ ನೆನಪಿದೆಯಾ? ಆಲಿಕಲ್ಲು ಬಿದ್ದು ಹೊಳೆಯಾಚೆ ಒಂದು ಹಣ್ಣೂ ಉಳೀಲಿಲ್ಲ. ಸಮಾಧಿ ಹತ್ರ ಬಂದವರಿಗೆ ಕೊಡೋಕೆ ಅವನ ಮನೇಲಿ ಒಂದು ತೊಟ್ಟು ರಾಕಿಯಾ ಇರ್ಲಿಲ್ಲ. ಬೇಡ ಬೇಡ ಅಂದ. ನಾನೇ ಹೊತ್ಕೊಂಡು ಹೋಗಿ ಕೊಟ್ಟು, ಇಲ್ಲಿ ನೀರು ತುಂಬಿದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳಿದ್ರೆ ಸಮಾಧಿ ಮಣ್ಣು ಆರೋದ್ರೊಳಗೆ ಊರಿಗೆಲ್ಲ ಡಂಗುರ ಆಗ್ತಿತ್ತು, 'ನನ್ನ ರಾಕಿಯಾ, ನನ್ನ ರಾಕಿಯಾ' ಅಂತ. ಅವನು ತಲೆ ಎತ್ಕೊಂಡು ಓಡಾಡ್ಬೇಕಿತ್ತಲ್ಲ? ಹೇಳಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ. ನೀನೂ ಅವತ್ತು ಅಲ್ಲೇ ನಿಂತು ಲೋಟದ ಮೇಲೆ ಲೋಟ ಕುಡಿದೆ. 'ನಿನ್ನ ಮಾಲು ಚೆನ್ನಾಗಿದೆ ಕುಮ್' ಅಂತ ಅವನ ಬೆನ್ನು ಬೇರೆ ತಟ್ಟಿದೆ. ಅವತ್ತು ಎಲ್ಲಿ ಹೋಗಿತ್ತು ನಿನ್ನ ನಾಲಿಗೆ?"

ನನಗೆ ಕೂರಬೇಕೆನ್ನಿಸಿತು, ಕೂರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಆ ಸಂಕಟದಲ್ಲೂ ಒಂದು ಸೀಸೆಯಷ್ಟನ್ನು ಮುಟ್ಟದೆ ಎತ್ತಿಟ್ಟಿದ್ದನಲ್ಲ ಆ ಮನುಷ್ಯ, ನನ್ನ ಮಗನಿಗೆ ಅಂತ! ನೆಲಮಾಳಿಗೆಗೆ ಇಳಿದು, ಆ ನೀರು ಬೆರೆತ ರಾಕಿಯಾವನ್ನೇ ಕುಪ್ಪಿಗೆ ತುಂಬಿಕೊಂಡು ಮತ್ತೆ ಹೊಳೆ ದಾಟಿದೆ.

ಅವನು ಹಂಡೆಗೆ ಮುಚ್ಚಳ ಕೂರಿಸಿ, ಸಂದಿಗೆ ಹಿಟ್ಟು ಮೆತ್ತಿ, ಬೆಂಕಿ ಹಚ್ಚಿ ಕೂತಿದ್ದ. ನನ್ನನ್ನು ಕಂಡು ಎದ್ದುಹೋಗಲಿಲ್ಲ; ಉರಿಯುವ ಭಟ್ಟಿಯನ್ನು ಬಿಟ್ಟು ಯಾರೂ ಎದ್ದುಹೋಗುವ ಹಾಗಿಲ್ಲ. ನಾನು ಟೋಪಿ ತೆಗೆದು ಕುಪ್ಪಿ ಚಾಚಿದೆ. ಚಾಚಿದ ಕೈ ನೋಯುವಷ್ಟು ಹೊತ್ತು ಅವನು ಬೆಂಕಿಯನ್ನೇ ನೋಡಿದ. ಕೊನೆಗೆ ತೆಗೆದುಕೊಂಡು ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಬರೀ ನೀರು."

"ಹೌದು. ದೆಸಾಂಕಾ ಎಲ್ಲ ಹೇಳಿದ್ಲು. ನನ್ನ ಬಾಯಿಗೆ ಹುಳ ಬೀಳ! ಮ್ಲಾಡೆನ್ ಏನು ತಪ್ಪು ಮಾಡಿದಾನೆ? ಅವನನ್ನ ಕೈಬಿಡ್ಬೇಡ."

ಅವನು ಕುಪ್ಪಿಯನ್ನು ಹಿಂದಿರುಗಿಸಲಿಲ್ಲ, ತುಂಬಲೂ ಇಲ್ಲ. ತೊಡೆಯ ಮೇಲಿಟ್ಟುಕೊಂಡು ಕೂತ. ಅಷ್ಟರಲ್ಲಿ ಕೊಳವೆಯ ತುದಿಯಿಂದ ಹನಿ ಬೀಳತೊಡಗಿತು. ಏನಾದರೂ ಸೇವೆ ಮಾಡುವ ಆತುರದಲ್ಲಿ ನಾನು ಕುಪ್ಪಿಗೆ ಕೈ ಹಾಕಿದೆ, ಹಿಡಿದು ತುಂಬಿಸೋಣವೆಂದು. ಅವನು ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದ.

"ಕೂತ್ಕೋ. ಮೊದ್ಲು ಬರೋದೆಲ್ಲ ವಿಷ" ಎಂದ. "ಅದು ಹೊರಗೆ ಹೋಗ್ಲಿ. ಆಮೇಲೆ ತುಂಬ್ತೀನಿ."

ನಾನು ಅವನ ಪಕ್ಕದಲ್ಲಿ ಕೂತು ಒಂದು ಕಟ್ಟಿಗೆ ಮುಂದೆ ತಳ್ಳಿದೆ. ಮೊದಲ ರಾಕಿಯಾ ಹನಿಹನಿಯಾಗಿ ಮಣ್ಣಿಗೆ ಹೋಗುತ್ತಿತ್ತು.